ತಮ್ಮನಿಗೆ 39 ವರ್ಷ, ಮೈಟ್ರಲ್ ಕವಾಟ ಬದಲಿಸಬೇಕು: ಲೋಹದ್ದೋ, ಅಂಗಾಂಶದ್ದೋ?

ತೋಟದಮನೆ (ಜೂನ್ 2)

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಒಂದೂವರೆ ಎಕರೆ ಅಡಿಕೆ ತೋಟ ಮತ್ತು ಸ್ವಲ್ಪ ಗದ್ದೆ ಇರುವ ಕುಟುಂಬ. ನನ್ನ ತಮ್ಮನಿಗೆ ಈಗ 39 ವರ್ಷ. ಅವನು ಐದನೆಯ ತರಗತಿಯಲ್ಲಿದ್ದಾಗ ಗಂಟಲುನೋವಿನ ಹಿಂದೆಯೇ ಮಂಡಿ, ಮೊಣಕೈಗಳು ಊದಿಕೊಂಡು ಎರಡು ವಾರ ಮಲಗಿದ್ದ; ಅದು ಹೃದಯಕ್ಕೆ ಹೋಗುವ ರುಮ್ಯಾಟಿಕ್ ಜ್ವರವೆಂಬುದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಗುಡ್ಡದ ದಾರಿಯಲ್ಲಿ ಉಸಿರು ಸಿಕ್ಕದೆ ಕುಳಿತುಬಿಟ್ಟ ದಿನದವರೆಗೂ ನಮಗೆ ತಿಳಿದಿರಲಿಲ್ಲ. ಆಗ ಬೆಂಗಳೂರಿನಲ್ಲಿ ಮೈಟ್ರಲ್ ಕವಾಟಕ್ಕೆ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು) ಅದನ್ನು ಹಿಗ್ಗಿಸುವ ಬಲೂನು ಚಿಕಿತ್ಸೆ ಮಾಡಿಸಿದೆವು. ಇಪ್ಪತ್ತು ವರ್ಷ ಅದರಲ್ಲೇ ನಡೆಯಿತು. ಈಗ ಕವಾಟ ಸುಣ್ಣಗಟ್ಟಿ ದಪ್ಪವಾಗಿದೆ, ಕಿರಿದಾಗಿದೆ, ಸೋರುತ್ತಲೂ ಇದೆ. ಮತ್ತೆ ಬಲೂನು ಹಾಕುವಂತಿಲ್ಲ, ರಿಪೇರಿಗೂ ಬರುವಂತಿಲ್ಲ, ಬದಲಿಸಲೇಬೇಕು ಎಂದು ಶಸ್ತ್ರಚಿಕಿತ್ಸಕರು ಹೇಳಿದ್ದಾರೆ.

ಲೋಹದ ಕವಾಟ ಹಾಕಿದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು, ಪ್ರಾಣಿಯ ಅಂಗಾಂಶದ್ದನ್ನು ಹಾಕಿದರೆ ಕೆಲವು ವರ್ಷಗಳಲ್ಲಿ ಇನ್ನೊಂದು ಆಪರೇಷನ್ ಬರುತ್ತದೆ, ಮನೆಯಲ್ಲಿ ಕುಳಿತು ಮಾತಾಡಿ ಮೂರು ವಾರದೊಳಗೆ ತಿಳಿಸಿ ಎಂದರು. ಇನ್ನೊಮ್ಮೆ ಎದೆ ತೆರೆಸಿಕೊಳ್ಳುವ ಧೈರ್ಯ ತನಗಿಲ್ಲ, ಲೋಹದ್ದೇ ಆಗಲಿ ಎಂಬುದು ತಮ್ಮನ ಮಾತು. ಅಮ್ಮನ ಹೆದರಿಕೆ ಬೇರೆ. ಕತ್ತಿ, ಮೆಟ್ಟುಗತ್ತಿ, ಉಂಬಳ (ಜಿಗಣೆ) ಇವುಗಳ ನಡುವೆಯೇ ಬದುಕುವವನಿಗೆ ರಕ್ತ ನಿಲ್ಲದಂಥ ಮಾತ್ರೆ ಕೊಟ್ಟರೆ ಗತಿಯೇನು ಎಂದು ಅವರು ಕೇಳುತ್ತಾರೆ. ರಕ್ತಪರೀಕ್ಷೆಗೆ ನಮಗೆ 34 ಕಿಲೋಮೀಟರ್ ಹೋಗಬೇಕು, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಒಂದೆರಡು ದಿನ ದಾರಿಯೇ ಇರುವುದಿಲ್ಲ. ಈ ದಾರಿಯಲ್ಲಿ ನಡೆದವರು ಅನುಭವ ಹೇಳಿದರೆ ಉಪಕಾರವಾಗುತ್ತದೆ. ಖರ್ಚಿನ ವಿಷಯ ಸದ್ಯ ಬೇಡ. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಗುತ್ತದೆ ಎಂದಿದ್ದಾರೆ.

ಚಿತ್ರಾ 1998 (ಜೂನ್ 2)

ನನ್ನ ಹೆಸರಿನಲ್ಲೇ ನನ್ನ ಕಥೆಯಿದೆ. 1998ರಲ್ಲಿ, ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಇದೇ ಮೈಟ್ರಲ್ ಜಾಗಕ್ಕೆ ಅಲ್ಲಿಯವರೇ ರೂಪಿಸಿದ ಚಿತ್ರಾ ಕವಾಟ ಹಾಕಿದರು. ಇಪ್ಪತ್ತೇಳು ವರ್ಷವಾಯಿತು, ಕವಾಟ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ತೊಂದರೆ ಮಾಡಿಕೊಂಡದ್ದೆಲ್ಲ ನಾನೇ, ಅದನ್ನು ಮುಂದೆ ಬರೆಯುತ್ತೇನೆ.

ಆ ಕವಾಟದ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಹೊರದೇಶದ ಕವಾಟಗಳ ಬೆಲೆ ನಮ್ಮವರ ಕೈಗೆಟುಕದಿದ್ದ ಕಾಲದಲ್ಲಿ ಅಲ್ಲಿಯ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಎಂಜಿನಿಯರುಗಳು ಅದನ್ನು ಕೈಗೆತ್ತಿಕೊಂಡರು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತು, ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಉಂಗುರ ಕೋಬಾಲ್ಟ್ ಮಿಶ್ರಲೋಹದ್ದು, ಒಳಗೆ ವಾಲಿ ತೆರೆದು ಮುಚ್ಚುವ ಬಿಲ್ಲೆ ಗಟ್ಟಿ ಪಾಲಿಎಥಿಲೀನಿನದು. ನಾವು ಸುಲಭಕ್ಕೆ ‘ಲೋಹದ ಕವಾಟ’ ಎನ್ನುತ್ತೇವೆಯೇ ಹೊರತು ನನ್ನೊಳಗೆ ಆಡುತ್ತಿರುವುದು ಪ್ಲಾಸ್ಟಿಕ್ಕು. ಈಗ ಹೆಚ್ಚಾಗಿ ಹಾಕುವ ಎರಡು ಎಸಳಿನ ಕವಾಟಗಳದ್ದು ಇಂಗಾಲದ ಎಸಳು. ವಲಿಯತ್ತಾನ್ ಅವರು ಆಮೇಲೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು ಎಂಬುದು ನಮ್ಮ ಕಡೆಯ ಹೆಚ್ಚಿನವರಿಗೆ ನೆನಪಿರಲಾರದು.

ನಿಮ್ಮ ತಮ್ಮ ಈಗಲೇ ತಿಳಿಯಬೇಕಾದದ್ದು ಸದ್ದಿನ ವಿಷಯ. ಮೊದಲ ತಿಂಗಳು ರಾತ್ರಿ ಎಡಮಗ್ಗುಲಿಗೆ ಮಲಗಿದರೆ ದಿಂಬಿನೊಳಗಿಂದ ಗಡಿಯಾರ ಕೇಳಿಸಿದಂತೆ ಆಗುತ್ತದೆ. ಆರು ತಿಂಗಳಲ್ಲಿ ಮನಸ್ಸು ಅದನ್ನು ಬಿಟ್ಟುಬಿಡುತ್ತದೆ. ಈಗ ನನಗಿಂತ ನನ್ನ ಹೆಂಡತಿಗೇ ಅದು ಹೆಚ್ಚು ಕೇಳಿಸುತ್ತದೆ.

ಹುಬ್ಬಳ್ಳಿಯ ವೈದ್ಯ (ಜೂನ್ 3)

ತೋಟದಮನೆಯವರೇ, ರೋಗಿಯನ್ನು ನೋಡದೆ ನಿರ್ಧಾರ ಹೇಳಲಾಗದು, ಹೇಳಲೂಬಾರದು. ಆದರೂ ನಿಮ್ಮ ಶಸ್ತ್ರಚಿಕಿತ್ಸಕರ ಮುಂದೆ ಯಾವ ಪ್ರಶ್ನೆ ಇಡಬೇಕೆಂದು ತಿಳಿಸಬಲ್ಲೆ.

ಅಮೆರಿಕದ ಮಾರ್ಗಸೂಚಿಯೂ ಯೂರೋಪಿನದೂ ಮೈಟ್ರಲ್ ಜಾಗದಲ್ಲಿ 65 ವರ್ಷದೊಳಗಿನವರಿಗೆ, ಮಾತ್ರೆಗೆ ಅಡ್ಡಿಯಿಲ್ಲದಿದ್ದರೆ, ಯಾಂತ್ರಿಕ (ನೀವು ಲೋಹದ್ದು ಎನ್ನುವ) ಕವಾಟದ ಕಡೆಗೇ ವಾಲುತ್ತವೆ. ಮಹಾಪಧಮನಿಯ ಕವಾಟದಲ್ಲಿ (ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲು) ಈ ವಯಸ್ಸಿನ ಗೆರೆ ಅಮೆರಿಕದವರ ಪ್ರಕಾರ 50, ಯೂರೋಪಿನವರ ಪ್ರಕಾರ 60. ಅಂಗಾಂಶದ ಕವಾಟವೆಂದರೆ ಹಸುವಿನ ಹೃದಯದ ಹೊರಪೊರೆಯಿಂದ ಅಥವಾ ಹಂದಿಯ ಕವಾಟದಿಂದ ಸಿದ್ಧಪಡಿಸಿದ್ದು. ಎಪ್ಪತ್ತು ದಾಟಿದವರಲ್ಲಿ ಅದು ಹದಿನೈದು ವರ್ಷ ಮೀರಿಯೂ ಬಾಳಬಹುದು, ಆದರೆ ಚಿಕ್ಕ ವಯಸ್ಸಿನ ದೇಹ ಅದಕ್ಕೆ ಬೇಗ ಸುಣ್ಣ ಹಿಡಿಸುತ್ತದೆ, ಅದರಲ್ಲೂ ಮೈಟ್ರಲ್ ಜಾಗದಲ್ಲಿ ಹತ್ತು ವರ್ಷಕ್ಕೇ ಮತ್ತೆ ಮಾತು ಎತ್ತಬೇಕಾಗಬಹುದು.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ನೀವು ಬರೆದಿಲ್ಲ. ತಮ್ಮನ ಹೃದಯದ ಬಡಿತ ಸಮವಾಗಿದೆಯೇ? ಇಸಿಜಿ ವರದಿಯಲ್ಲಿ ‘ಏಟ್ರಿಯಲ್ ಫಿಬ್ರಿಲೇಷನ್’ ಎಂದಿದೆಯೇ ನೋಡಿ. ವರ್ಷಗಟ್ಟಲೆ ಕಿರಿದಾದ ಮೈಟ್ರಲ್ ಕವಾಟದ ಹಿಂದೆ ಎಡ ಹೃತ್ಕರ್ಣ (ಹೃದಯದ ಎಡಗಡೆಯ ಮೇಲಿನ ಕೋಣೆ) ಹಿಗ್ಗಿ, ಲಯ ತಪ್ಪಿ ಅದುರುವುದು ಬಹಳ ಸಾಮಾನ್ಯ. ಹಾಗೆ ಆಗಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಕಾರಣ, ಯಾವ ಕವಾಟ ಹಾಕಿದರೂ ಮಾತ್ರೆ ತಪ್ಪುವುದಿಲ್ಲ. ಮಾತ್ರೆ ಹೇಗೂ ಇದ್ದೇ ಇರುತ್ತದೆ ಎಂದಾದರೆ, ಅಂಗಾಂಶದ ಕವಾಟದ ದೊಡ್ಡ ಲಾಭವೇ ಕೈಬಿಟ್ಟಂತೆ.

ಇನ್ನೊಂದು ಸಣ್ಣ ತಿದ್ದುಪಡಿ. ಈ ಮಾತ್ರೆ ರಕ್ತವನ್ನು ತೆಳು ಮಾಡುವುದಿಲ್ಲ, ರಕ್ತ ಮೊದಲಿನಷ್ಟೇ ಮಂದವಾಗಿರುತ್ತದೆ. ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುವ ಹೆಪ್ಪುಗಟ್ಟಿಸುವ ಅಂಶಗಳು ಕಡಿಮೆಯಾಗಿ, ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೆ. ಇದನ್ನು ಅಮ್ಮನಿಗೆ ಹೇಳಿ. ಮಾತ್ರೆ ನುಂಗಿದವನ ರಕ್ತ ನೀರಿನಂತೆ ಹರಿದುಹೋಗುತ್ತದೆ ಎಂಬ ಭಯ ಅರ್ಧ ಆ ಹೆಸರಿನಿಂದಲೇ ಬಂದದ್ದು.

ತೋಟದಮನೆ (ಜೂನ್ 4)

ವರದಿಗಳನ್ನು ತೆಗೆದು ನೋಡಿದೆ. ಎರಡು ಇಸಿಜಿಯಲ್ಲೂ ನೀವು ಹೇಳಿದ ಆ ಪದವೇ ಇದೆ. ಕಳೆದ ವರ್ಷದಿಂದ ಅವನು ಅಸಿಟ್ರಾಮ್ 2 ಎಂಬ ಮಾತ್ರೆಯನ್ನು ಸಂಜೆ ನುಂಗುತ್ತಿದ್ದಾನೆ. ಅದೇ ಈ ಮಾತ್ರೆಯೆಂದು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಪರೀಕ್ಷೆ ಮಾಡಿಸಿದ್ದು ಇದುವರೆಗೆ ಮೂರೇ ಸಲ. ಒಟ್ಟಿನಲ್ಲಿ ಅಮ್ಮ ಯಾವುದಕ್ಕೆ ಹೆದರುತ್ತಿದ್ದರೋ ಅದು ಒಂದು ವರ್ಷದಿಂದ ಮನೆಯೊಳಗೇ ಇದೆ.

ಹುಬ್ಬಳ್ಳಿಯ ವೈದ್ಯ (ಜೂನ್ 4)

ಹಾಗಾದರೆ ನಿಮ್ಮ ಪ್ರಶ್ನೆ ಬದಲಾಯಿತು. ಲೋಹದ್ದೋ ಅಂಗಾಂಶದ್ದೋ ಎಂಬುದು ಬಹುಮಟ್ಟಿಗೆ ಇತ್ಯರ್ಥವಾದಂತೆಯೇ, ಉಳಿದದ್ದನ್ನು ನಿಮ್ಮ ಶಸ್ತ್ರಚಿಕಿತ್ಸಕರು ನೋಡಿಕೊಳ್ಳುತ್ತಾರೆ. ಪರೀಕ್ಷೆ ಮತ್ತು ಮಾತ್ರೆಯ ಲೆಕ್ಕವನ್ನು ಮನೆಯಲ್ಲಿ ಯಾರು ಹೊರುತ್ತಾರೆ ಎಂಬುದನ್ನು ಆಪರೇಷನ್ನಿಗೆ ಮೊದಲೇ ತೀರ್ಮಾನಿಸಿಕೊಳ್ಳಿ. ಮೈಟ್ರಲ್ ಜಾಗದ ಯಾಂತ್ರಿಕ ಕವಾಟಕ್ಕೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಪರೀಕ್ಷೆಯ ಸಂಖ್ಯೆ) ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ, ನಡುವಿನ ಗುರಿ 3 ಎಂದು ಇಟ್ಟುಕೊಳ್ಳುತ್ತಾರೆ. ಮಹಾಪಧಮನಿಯ ಜಾಗದಲ್ಲಿ ಬೇರೆ ಅಪಾಯಗಳಿಲ್ಲದಿದ್ದರೆ 2ರಿಂದ 3 ಸಾಕು, ಏಕೆಂದರೆ ಅಲ್ಲಿ ರಕ್ತ ರಭಸದಿಂದ ನುಗ್ಗುತ್ತದೆ. ಮೈಟ್ರಲಿನಲ್ಲಿ ಒತ್ತಡ ಕಡಿಮೆ, ಹರಿವು ನಿಧಾನ, ಹೆಪ್ಪು ಕೂರಲು ಹೆಚ್ಚು ಅವಕಾಶ.

ಪ್ರಶ್ನಾರ್ಥಕ (ಜೂನ್ 5)

ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆಂದು ಸೊಪ್ಪಿನ ಪಥ್ಯ, ತಿಂಗಳಿಗೊಮ್ಮೆ ಸೂಜಿ, ಈ ತಾಪತ್ರಯವೆಲ್ಲ ಈ ಕಾಲದಲ್ಲಿ ಏಕೆ? ನನ್ನ ಮಾವನವರಿಗೂ ಇದೇ ಬಡಿತದ ತೊಂದರೆ. ಪರೀಕ್ಷೆಯೇ ಬೇಡದ ಹೊಸ ಮಾತ್ರೆ ಕೊಟ್ಟಿದ್ದಾರೆ. ಅದೂ ಅಲ್ಲದೆ ಈ ಹಳೆಯ ಮಾತ್ರೆ ಮೂಲದಲ್ಲಿ ಇಲಿ ಪಾಷಾಣವಂತೆ, ನಿಜವೇ?

ಹುಬ್ಬಳ್ಳಿಯ ವೈದ್ಯ (ಜೂನ್ 5)

ಇಲಿಯ ಮಾತು ನಿಜ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಮುಗ್ಗಿದ ಸಿಹಿ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ನಿನಲ್ಲಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಆ ಹುಲ್ಲಿನಿಂದ ಕಾರಣವಸ್ತುವನ್ನು ಬೇರ್ಪಡಿಸಿತು, ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂದು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನು ಕೊಟ್ಟರು. ನಮ್ಮಲ್ಲಿ ಹೆಚ್ಚು ಬಳಸುವ ಅಸಿನೊಕೌಮರಾಲ್ (ತೋಟದಮನೆಯವರ ಅಸಿಟ್ರಾಮ್ ಇದೇ) ಅದೇ ಬಳಗದ್ದು.

ಹೊಸ ಮಾತ್ರೆಗಳ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರದಿಂದಿರಿ. ಯಾಂತ್ರಿಕ ಕವಾಟ ಇರುವವರಿಗೆ ಅವು ಸಲ್ಲ. ಅವುಗಳಲ್ಲೊಂದಾದ ಡಬಿಗಟ್ರಾನ್ ಅನ್ನು ಇಂಥವರಲ್ಲಿ ಪರೀಕ್ಷಿಸಿದಾಗ ಹೆಪ್ಪುಗಟ್ಟುವುದೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು, 2013ರಲ್ಲಿ ಅದರ ವರದಿ ಬಂತು. ಮಹಾಪಧಮನಿಯಲ್ಲಿ ಆನ್-ಎಕ್ಸ್ ಎಂಬ ಯಾಂತ್ರಿಕ ಕವಾಟವಿದ್ದವರಿಗೆ ಇನ್ನೊಂದು ಹೊಸ ಮಾತ್ರೆ ಅಪಿಕ್ಸಬಾನ್ ಕೊಟ್ಟು ನೋಡಿದ ಅಧ್ಯಯನವೂ 2022ರಲ್ಲಿ ಅರ್ಧಕ್ಕೇ ನಿಂತಿತು. ರುಮ್ಯಾಟಿಕ್ ಕಾಯಿಲೆಯೊಂದಿಗೆ ಲಯ ತಪ್ಪಿದವರಲ್ಲಿ ಹೊಸ ಮಾತ್ರೆ ರಿವರಾಕ್ಸಬಾನಿಗಿಂತ ಹಳೆಯ ಮಾತ್ರೆಯೇ ಮೇಲೆಂದು ಅದೇ ವರ್ಷ ತಿಳಿದುಬಂದಿದೆ, ಆ ಅಧ್ಯಯನದಲ್ಲಿ ಭಾರತದ ರೋಗಿಗಳೂ ಇದ್ದರು. ನಿಮ್ಮ ಮಾವನವರಿಗೆ ಕೊಟ್ಟದ್ದು ಅವರಿಗೆ ಸರಿಯಿರಬಹುದು. ಅದನ್ನು ನೋಡಿ ಕವಾಟ ಹಾಕಿಸಿಕೊಂಡವರು ತಾವಾಗಿ ಬದಲಿಸಿಕೊಂಡರೆ ಪ್ರಾಣಕ್ಕೆ ಬರುತ್ತದೆ.

ಲ್ಯಾಬಿನ ಮೇಜು (ಜೂನ್ 6)

ಹದಿನಾರು ವರ್ಷದಿಂದ ರಕ್ತ ಎಳೆಯುವ ಕೆಲಸ ನನ್ನದು. ಜನ ಐಎನ್‌ಆರ್ ಸಂಖ್ಯೆಯನ್ನು ದೇವರ ಮಾತೆಂಬಂತೆ ಹಿಡಿದುಕೊಳ್ಳುತ್ತಾರೆ, ಆದ್ದರಿಂದ ಅದು ಹೇಗೆ ಹುಟ್ಟುತ್ತದೆ ಎಂದು ತಿಳಿದಿರಲಿ.

ನೀಲಿ ಮುಚ್ಚಳದ ಕೊಳವೆಯಲ್ಲಿ ಮೊದಲೇ ಸಿಟ್ರೇಟ್ ದ್ರವ ಇರುತ್ತದೆ, ಒಂದು ಪಾಲು ದ್ರವಕ್ಕೆ ಒಂಬತ್ತು ಪಾಲು ರಕ್ತ ಬೀಳಬೇಕು. ಕೊಳವೆಯ ಮೇಲಿನ ಗೆರೆಯವರೆಗೆ ರಕ್ತ ಬಾರದಿದ್ದರೆ ಸಿಟ್ರೇಟ್ ಹೆಚ್ಚಾಗಿ, ಹೆಪ್ಪುಗಟ್ಟುವುದು ಸುಳ್ಳೇ ತಡವಾಗುತ್ತದೆ, 2.6 ಇರುವವರಿಗೆ 3.5 ಎಂದು ಬರುತ್ತದೆ, ವೈದ್ಯರು ಮಾತ್ರೆ ಇಳಿಸುತ್ತಾರೆ, ಅಲ್ಲಿಂದ ತೊಂದರೆ ಶುರುವಾಗುತ್ತದೆ. ಆದ್ದರಿಂದ ಸೂಜಿ ತೆಗೆದ ಮೇಲೆ ಕೊಳವೆಯನ್ನು ಒಮ್ಮೆ ನೀವೇ ಕಣ್ಣೆತ್ತಿ ನೋಡಿ, ಗೆರೆ ಮುಟ್ಟಿಲ್ಲವಾದರೆ ಮತ್ತೊಮ್ಮೆ ತೆಗೆಯಿರಿ ಎಂದು ಹೇಳಲು ಸಂಕೋಚ ಬೇಡ. ನಮ್ಮವರು ಗೊಣಗಬಹುದು, ಗೊಣಗಲಿ.

ರೋಗಿಯ ರಕ್ತ ಹೆಪ್ಪುಗಟ್ಟಲು ತೆಗೆದುಕೊಂಡ ಸೆಕೆಂಡುಗಳನ್ನು ಸಾಮಾನ್ಯ ರಕ್ತದ ಸೆಕೆಂಡುಗಳಿಂದ ಭಾಗಿಸಿ, ನಾವು ಬಳಸುವ ರಾಸಾಯನಿಕದ ಐಎಸ್‌ಐ ಎಂಬ ಸಂಖ್ಯೆಯನ್ನು ಅದಕ್ಕೆ ಘಾತವಾಗಿ ಏರಿಸಿದರೆ ಐಎನ್‌ಆರ್ ಸಿಗುತ್ತದೆ. ಊರೂರಿನ ಫಲಿತಾಂಶ ಒಂದೇ ಅಳತೆಗೆ ಬರಲೆಂದೇ ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಈ ಲೆಕ್ಕ ತಂದದ್ದು. ಆದರೂ ಎರಡು ಲ್ಯಾಬುಗಳ ನಡುವೆ ವ್ಯತ್ಯಾಸ ಉಳಿಯುತ್ತದೆ, ಆದ್ದರಿಂದ ಒಂದೇ ಕಡೆ ಮಾಡಿಸಿ. ಹಳ್ಳಿಯ ಕಲೆಕ್ಷನ್ ಸೆಂಟರಿನಲ್ಲಿ ರಕ್ತ ಕೊಡುವುದಾದರೆ ಅದನ್ನು ಪರೀಕ್ಷಿಸುವುದು ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಬೆಳಿಗ್ಗೆ ಕೊಟ್ಟು ಸಂಜೆಯೊಳಗೆ ಫಲಿತಾಂಶ ಪಡೆದರೆ ಅಂದಿನ ರಾತ್ರಿಯ ಮಾತ್ರೆಯನ್ನೇ ಸರಿಪಡಿಸಬಹುದು. ಈ ಮಾತ್ರೆಯನ್ನು ಸಂಜೆ ನುಂಗಿರಿ ಎನ್ನುವುದು ಅದಕ್ಕೇ.

ಆಗುಂಬೆ ಮಳೆ (ಜೂನ್ 7)

ತೋಟದಮನೆಯವರೇ, ನಮ್ಮದೂ ನಿಮ್ಮಂಥದೇ ಊರು. ನನ್ನ ಹೆಂಡತಿಗೆ ಎಂಟು ವರ್ಷದ ಹಿಂದೆ ಲೋಹದ ಕವಾಟ ಹಾಕಿದರು. ಅಮ್ಮನ ಪ್ರಶ್ನೆಗೆ ಉತ್ತರ ನಾನು ಹೇಳಬೇಕು.

ಉಂಬಳ ಕಚ್ಚಿದರೆ ಯಾರಿಗಾದರೂ ರಕ್ತ ಬೇಗ ನಿಲ್ಲುವುದಿಲ್ಲ, ಅದರ ಜೊಲ್ಲಿನಲ್ಲಿಯೇ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ. ಮಾತ್ರೆ ನುಂಗುವವರಿಗೆ ಅದೊಂದು ದೊಡ್ಡ ಕಥೆ. ಮೊದಲ ಮಳೆಗಾಲದಲ್ಲಿ ಇವಳು ಹುಲ್ಲು ತಂದು ಹಾಕಿ ಬಂದು ಕುಳಿತವಳು ಪಾದದ ಗಂಟಿನ ಹತ್ತಿರ ಒಂದು ಕಚ್ಚನ್ನು ನೋಡಿಕೊಂಡಿರಲಿಲ್ಲ, ರಾತ್ರಿ ಚಾಪೆಯೆಲ್ಲ ಒದ್ದೆಯಾದ ಮೇಲೆ ದೀಪ ಹಾಕಿ ನೋಡಿದೆವು. ಸುಣ್ಣ, ಹೊಗೆಸೊಪ್ಪು ಎಲ್ಲ ಹಚ್ಚಿದರೂ ಬೆಳಗಿನ ಜಾವದವರೆಗೆ ಜಿನುಗುತ್ತಲೇ ಇತ್ತು. ಪ್ರಾಣಕ್ಕೇನೂ ಆಗಲಿಲ್ಲ. ಮೇಲೆ ಹಚ್ಚುವುದರಿಂದ ಏನೂ ಇಲ್ಲ, ಶುಭ್ರ ಬಟ್ಟೆ ಇಟ್ಟು ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ, ನಡುವೆ ಎತ್ತಿ ನೋಡದೆ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು ಎಂದು ಆಮೇಲೆ ತಾಲ್ಲೂಕು ಆಸ್ಪತ್ರೆಯ ನರ್ಸಮ್ಮ ಕಲಿಸಿಕೊಟ್ಟರು. ಈಗ ಮಂಡಿಯವರೆಗಿನ ಗಂಬೂಟು, ಒಳಗೆ ಉದ್ದನೆಯ ಕಾಲುಚೀಲ. ಕೊಟ್ಟಿಗೆಯಿಂದ ಬಂದ ಕೂಡಲೇ ಕಾಲು ನೋಡಿಕೊಳ್ಳುವುದು ಅಭ್ಯಾಸವಾಗಿದೆ.

ಮೆಟ್ಟುಗತ್ತಿಯ ಮುಂದೆ ಕೂರುವುದನ್ನು ಬಿಡಿಸಿದೆವು. ಸುಲಿಯುವ ಯಂತ್ರ ಇರುವವರಿಗೆ ಅಡಿಕೆ ಕೊಡುತ್ತೇವೆ. ನಿಮ್ಮ ತಮ್ಮ ಮರ ಹತ್ತುವವನಾದರೆ ಅದು ನಿಲ್ಲಬೇಕು, ಕೊಯ್ಲಿಗೆ ಕೊನೆಗೌಡರಿಗೇ ಹೇಳಿ. ಗಾಯಕ್ಕಿಂತ ತಲೆಗೆ ಬೀಳುವ ಪೆಟ್ಟಿಗೆ ಹೆದರಬೇಕು. ಇವಳು ಒಮ್ಮೆ ಪಾಚಿಯ ಮೇಲೆ ಜಾರಿ ಬಿದ್ದು ತಲೆ ತಗುಲಿದಾಗ, ಏನೂ ಆಗಿಲ್ಲ ಎಂದು ನಡೆದಾಡುತ್ತಿದ್ದವಳನ್ನೇ ಶಿವಮೊಗ್ಗಕ್ಕೆ ಕರೆದೊಯ್ದು ಸಿಟಿ ಸ್ಕ್ಯಾನ್ ಮಾಡಿಸಿದೆವು, ಹಾಗೆ ಮಾಡಿಸಲೇಬೇಕು ಎಂದು ಬಿಡುಗಡೆಯ ದಿನವೇ ಹೇಳಿದ್ದರು.

ಸೊಪ್ಪು ಬಿಡಬೇಕಿಲ್ಲ. ಆದರೆ ಪತ್ರೊಡೆಯ ಕಾಲದಲ್ಲಿ ಎಚ್ಚರ. ಒಂದು ಆಷಾಢದಲ್ಲಿ ವಾರಕ್ಕೆ ಮೂರು ದಿನ ಕೆಸುವಿನ ಎಲೆ, ಉಳಿದ ದಿನ ಒಂದೆಲಗದ ತಂಬುಳಿ, ಹರಿವೆ ಹುಳಿ ಎಂದು ತಿಂದು, 2.9 ಇದ್ದದ್ದು 1.7ಕ್ಕೆ ಇಳಿದಿತ್ತು. ಈಗ ವರ್ಷವಿಡೀ ವಾರಕ್ಕೆ ಎರಡು ಸಲ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಮಾಡುತ್ತೇವೆ. ನಾಲ್ಕು ದಿನ ಊಟ ಸೇರದಿದ್ದರೆ, ಭೇದಿಯಾದರೆ ಐಎನ್‌ಆರ್ ಮೇಲಕ್ಕೆ ಏರುತ್ತದೆ ಎಂಬುದನ್ನೂ ನೆನಪಿಡಿ.

ಎರಡನೆಯ ಸಲ (ಜೂನ್ 8)

ಇಲ್ಲಿಯವರೆಗಿನ ಮಾತೆಲ್ಲ ಲೋಹದ ಕಡೆಗೇ ಹೋಗಿದೆ, ಆದ್ದರಿಂದ ಇನ್ನೊಂದು ಕಡೆಯವಳಾಗಿ ಬರೆಯುತ್ತೇನೆ. ಮಂಗಳೂರಿನವಳು. 28ನೆಯ ವಯಸ್ಸಿನಲ್ಲಿ, ಎಲ್ಲ ತಿಳಿದೇ, ಅಂಗಾಂಶದ ಕವಾಟ ಹಾಕಿಸಿಕೊಂಡೆ. ನನಗೆ ಮಗು ಬೇಕಿತ್ತು. ಗರ್ಭದ ಆರರಿಂದ ಹನ್ನೆರಡನೆಯ ವಾರದೊಳಗೆ ಈ ಮಾತ್ರೆ ಮಗುವಿನ ಮೂಗು, ಮೂಳೆಗಳ ಬೆಳವಣಿಗೆಗೆ ಧಕ್ಕೆ ಮಾಡಬಹುದು, ಬದಲಿಗೆ ಹೆಪಾರಿನ್ ಚುಚ್ಚಿಕೊಂಡರೆ ತಾಯಿಯ ಕವಾಟದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ಈ ಇಕ್ಕಟ್ಟನ್ನು ವೈದ್ಯರು ಚಿತ್ರ ಬರೆದು ವಿವರಿಸಿದ್ದರು. ನನ್ನ ಬಡಿತ ಸಮವಾಗಿದ್ದುದರಿಂದ ಮೂರು ತಿಂಗಳ ಮೇಲೆ ಮಾತ್ರೆ ನಿಲ್ಲಿಸಿದರು. ಇಬ್ಬರು ಮಕ್ಕಳಾದರು.

ಹನ್ನೊಂದನೆಯ ವರ್ಷಕ್ಕೆ ಮತ್ತೆ ಏದುಸಿರು ಬಂತು. ಎರಡನೆಯ ಆಪರೇಷನ್ ಮೊದಲಿನಂಥದಲ್ಲ. ಹೃದಯ ಎದೆಮೂಳೆಯ ಹಿಂದೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸುವುದಕ್ಕೇ ಗಂಟೆಗಟ್ಟಲೆ ಹಿಡಿಯಿತಂತೆ. ಈ ಬಾರಿ ಲೋಹದ್ದು. ಮೊದಲ ಸಲವೇ ಇದನ್ನು ಹಾಕಿಸಿಕೊಳ್ಳಬಹುದಿತ್ತಲ್ಲ ಎಂದು ಅತ್ತೆಯವರು ಈಗಲೂ ಅನ್ನುತ್ತಾರೆ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಅನ್ನುತ್ತಾರೆ. ತೋಟದಮನೆಯವರ ತಮ್ಮನಿಗೆ ಈ ಲೆಕ್ಕ ಅನ್ವಯಿಸದು. ಇದನ್ನು ಓದುವ ಯಾವ ಹೆಣ್ಣುಮಗಳಾದರೂ ತನ್ನ ವಯಸ್ಸಿಗೆ ಲೋಹದ್ದೇ ಸರಿಯೆಂದು ಪ್ರಶ್ನೆ ಕೇಳದೆ ಒಪ್ಪಿಬಿಡಬಾರದು ಎಂದು ಬರೆದೆ.

ಲೀಡ್ಸ್ ಕನ್ನಡಿಗ (ಜೂನ್ 9)

ಇಂಗ್ಲೆಂಡಿನಲ್ಲಿ ನನಗೆ ವಾರ್ಫರಿನ್ ಕೊಡುತ್ತಾರೆ: 1 ಮಿಲಿಗ್ರಾಂ ಕಂದು, 3 ನೀಲಿ, 5 ಗುಲಾಬಿ ಬಣ್ಣ, ಜೊತೆಗೆ ಹಳದಿ ಪುಸ್ತಕವೊಂದು. ಬೆರಳ ತುದಿಯ ಒಂದು ಹನಿಯಲ್ಲಿ ಐಎನ್‌ಆರ್ ತೋರಿಸುವ ಕೈಯಂತ್ರ ನನ್ನ ಬಳಿ ಇದೆ. ಭಾರತದಲ್ಲಿಯೂ ಅದು ದೊರೆಯುತ್ತದೆ, ಯಂತ್ರಕ್ಕಿಂತ ಅದರ ಪಟ್ಟಿಗಳದೇ ಖರ್ಚು. ಹಳ್ಳ ತುಂಬುವ ಊರಿನವರಿಗೆ ಅದು ಯೋಚಿಸಬೇಕಾದ ಸಂಗತಿ; ಎರಡು ಮೂರು ಮನೆಯವರು ಸೇರಿ ಒಂದು ಯಂತ್ರ ಇಟ್ಟುಕೊಳ್ಳಬಹುದೇನೋ, ಆದರೆ ಚುಚ್ಚುವ ಸೂಜಿ ಬೇರೆಬೇರೆಯೇ ಇರಬೇಕು, ಆಗಾಗ ಲ್ಯಾಬಿನ ಫಲಿತಾಂಶದೊಡನೆ ಹೋಲಿಸಿ ನೋಡಲೂ ಬೇಕು.

ಊರಿಗೆ ಬಂದಾಗ ನನಗಾದ ಒಂದು ಅವಘಡವನ್ನು ಹೇಳುತ್ತೇನೆ. ಮಾತ್ರೆ ಮುಗಿದಿತ್ತು. ಔಷಧಿ ಅಂಗಡಿಯೊಂದರಲ್ಲಿ ‘ಎರಡೂ ಒಂದೇ ಸರ್’ ಎಂದು ವಾರ್ಫರಿನ್ ಬದಲಿಗೆ ಅಸಿನೊಕೌಮರಾಲನ್ನು ಅಷ್ಟೇ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರು. ಕೆಲಸ ಒಂದೇ, ತೂಕ ಒಂದಲ್ಲ. ಅಸಿನೊಕೌಮರಾಲ್ ಸುಮಾರು ಅರ್ಧದಷ್ಟೇ ಸಾಕು. ಆರನೆಯ ದಿನ ಹಲ್ಲುಜ್ಜುವಾಗ ಬಾಯಿ ತುಂಬ ರಕ್ತ, ಪರೀಕ್ಷಿಸಿದರೆ 7.2. ಎರಡು ದಿನ ಮಾತ್ರೆ ನಿಲ್ಲಿಸಿ ವೈದ್ಯರು ನನ್ನನ್ನು ಕಣ್ಣೆದುರೇ ಇಟ್ಟುಕೊಂಡಿದ್ದರು. ಸ್ಟ್ರಿಪ್ಪಿನ ಮೇಲಿನ ಹೆಸರನ್ನೂ ಅಂಕಿಯನ್ನೂ ಪ್ರತಿ ಸಲ ಗಟ್ಟಿಯಾಗಿ ಓದಿಕೊಂಡೇ ಹಣ ಕೊಡಿ.

ಚಿತ್ರಾ 1998 (ಜೂನ್ 10)

ನನ್ನ ತಪ್ಪನ್ನು ಬರೆಯುತ್ತೇನೆ ಎಂದಿದ್ದೆ. 2009ರಲ್ಲಿ ದವಡೆ ಹಲ್ಲು ಕೀಳಿಸಬೇಕಿತ್ತು. ರಕ್ತ ನಿಲ್ಲುವುದಿಲ್ಲ, ಒಂದು ವಾರ ಮಾತ್ರೆ ಬಿಟ್ಟು ಬನ್ನಿ ಎಂದರು. ನಾನು ಹೃದಯದ ವೈದ್ಯರನ್ನು ಕೇಳದೆ ಬಿಟ್ಟೆ. ಹಲ್ಲು ಕಿತ್ತ ಮರುದಿನ ಕಾಫಿ ಕುಡಿಯುತ್ತಿದ್ದಾಗ ಬಾಯಿಯ ಬಲಗಡೆಯಿಂದ ಕಾಫಿ ಸುರಿಯಿತು, ಲೋಟ ಹಿಡಿದ ಕೈ ನನ್ನದೇ ಅನ್ನಿಸಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು, ಆಸ್ಪತ್ರೆಯಲ್ಲಿ ಅದನ್ನು ಸಣ್ಣ ಪಾರ್ಶ್ವವಾಯು ಎಂದರು. ಈಗ ಹಲ್ಲಿನ ಕೆಲಸಕ್ಕೆ ಮೊದಲು ಐಎನ್‌ಆರ್ ನೋಡಿ, ಮಿತಿಯಲ್ಲಿದ್ದರೆ ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳುತ್ತಾರೆ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲದ ದ್ರವದಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ನುಂಗಬೇಕು, ಬಾಯಿಯ ರೋಗಾಣು ಕವಾಟಕ್ಕೆ ಹತ್ತದಿರಲೆಂದು.

ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಿಸಬೇಡಿ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಲು ಬಂದರೆ ಕವಾಟದ ಕಾರ್ಡ್ ತೋರಿಸಿ. ಸ್ನಾಯುವಿನೊಳಗೆ ರಕ್ತ ಕಟ್ಟಿ ನನಗೆ ಮೂರು ವಾರ ಕೂರಲಾಗಿರಲಿಲ್ಲ. ಹೊಟ್ಟೆಗೆ ಕೊಡುವ ಮೆಟ್ರೊನಿಡಜೋಲ್, ಹುಳಕಡ್ಡಿಗೆ ಕೊಡುವ ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಹೊಸ ಔಷಧಿ ಯಾವುದೇ ಬರಲಿ, ನಾಲ್ಕೈದು ದಿನದಲ್ಲಿ ಒಂದು ಪರೀಕ್ಷೆ ಹೆಚ್ಚಿಗೆ ಮಾಡಿಸುತ್ತೇನೆ.

ಮೈಸೂರಿನ ಮಗಳು (ಜೂನ್ 11)

ಅಪ್ಪನಿಗೆ ಕವಾಟ ಹಾಕಿ ಒಂಬತ್ತು ವರ್ಷವಾಗಿತ್ತು. ಪರಿಚಯದವರೊಬ್ಬರು ಕರೆದೊಯ್ದ ಕಡೆ ಕಷಾಯ ಕೊಟ್ಟು, ನಲವತ್ತು ದಿನ ಇಂಗ್ಲಿಷ್ ಔಷಧಿ ಮುಟ್ಟಬಾರದು ಎಂದರಂತೆ. ಅಪ್ಪ ನಮಗೆ ಹೇಳಲಿಲ್ಲ. ಇಪ್ಪತ್ತೆರಡನೆಯ ದಿನಕ್ಕೆ ಅಮ್ಮ ‘ನಿಮ್ಮ ಅಪ್ಪನ ಸದ್ದು ಕೇಳಿಸುತ್ತಿಲ್ಲ ಕಣೇ’ ಎಂದರು. ನಾನು ಅದನ್ನು ಅಮ್ಮನ ಕಿವಿಯ ದೋಷವೆಂದುಕೊಂಡೆ. ಎರಡು ದಿನ ಕಳೆದು ರಾತ್ರಿ ಅವರಿಗೆ ಮಲಗಿದರೆ ಉಸಿರೇ ಇಲ್ಲ. ಎಕ್ಸ್-ರೇ ಪರದೆಯಲ್ಲಿ ನೋಡಿದರೆ ಎರಡು ಎಸಳಿನಲ್ಲಿ ಒಂದು ಅಲ್ಲಾಡುತ್ತಲೇ ಇರಲಿಲ್ಲ. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಹನಿಸಿದರು, ಮರುದಿನ ಮಧ್ಯಾಹ್ನ ಎಸಳು ಬಿಟ್ಟುಕೊಂಡಿತು. ಆಮೇಲೂ ಆರು ವರ್ಷ ಇದ್ದರು. ಸದ್ದು ಮಂದವಾದರೆ ಯಾರ ಕಿವಿಯನ್ನೂ ಅನುಮಾನಿಸದೆ ಹೊರಡಿ.

ಹುಬ್ಬಳ್ಳಿಯ ವೈದ್ಯ (ಜೂನ್ 12)

ಮೈಸೂರಿನವರ ಮಾತಿಗೆ ನನ್ನದೇನೂ ಸೇರಿಸುವುದಿಲ್ಲ. ಉಳಿದ ಎರಡು ವಿಷಯಗಳನ್ನು ಬರೆದುಬಿಡುತ್ತೇನೆ. ಒಂದು ದಿನ ಮಾತ್ರೆ ಮರೆತರೆ, ಅದೇ ದಿನ ನೆನಪಾದರೆ ನುಂಗಬಹುದು. ಮರುದಿನ ನೆನಪಾದರೆ ಎರಡನ್ನು ಸೇರಿಸಿ ನುಂಗಬಾರದು, ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಬೇಕು. ಕವಾಟ ಬದಲಾದ ಮಾತ್ರಕ್ಕೆ ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಕೊಡುವ ಪೆನ್ಸಿಲಿನ್ ನಿಲ್ಲುವುದಿಲ್ಲ, ಏಕೆಂದರೆ ಉಳಿದ ಕವಾಟಗಳು ಅವನದೇ. ಅದನ್ನು ಸೂಜಿಯಲ್ಲಿ ಮುಂದುವರಿಸಬೇಕೋ ಮಾತ್ರೆಗೆ ಬದಲಿಸಬೇಕೋ ಎಂದು ಬಿಡುಗಡೆಗೆ ಮೊದಲೇ ಕೇಳಿ. ನಿಮ್ಮ ಭಾಗದಲ್ಲಿ ಮಂಗನ ಕಾಯಿಲೆಯೂ ಡೆಂಗಿಯೂ ಇರುವುದರಿಂದ ಜ್ವರ ಬಂದರೆ ಮನೆಯಲ್ಲಿ ಕಾಯದೆ ಪ್ಲೇಟ್‌ಲೆಟ್ ಮತ್ತು ಐಎನ್‌ಆರ್ ಎರಡನ್ನೂ ಅಂದೇ ನೋಡಿಸಿ. ಕಪ್ಪು ಮಲ, ಕೆಂಪು ಮೂತ್ರ, ಹಿಂದೆಂದೂ ಬಾರದಂಥ ತಲೆನೋವು, ಮಾತು ತೊದಲುವುದು, ಇವಕ್ಕೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ತೋಟದಮನೆ (ಆಗಸ್ಟ್ 24)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಜುಲೈ ಮೊದಲ ವಾರ ಆಪರೇಷನ್ ಆಯಿತು, ಎರಡು ಎಸಳಿನ ಯಾಂತ್ರಿಕ ಕವಾಟ. ಹನ್ನೊಂದನೆಯ ದಿನ ಮನೆಗೆ ಬಂದ. ಈ ಮಳೆಗಾಲ ಮುಗಿಯುವವರೆಗೆ ಅವನೂ ನಾದಿನಿಯೂ ತೀರ್ಥಹಳ್ಳಿ ಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾರೆ. ಲ್ಯಾಬ್ ಅಲ್ಲಿಂದ ನಡಿಗೆಯ ದೂರ. ಇದುವರೆಗಿನ ಐಎನ್‌ಆರ್: 1.8, 2.3, 4.1, 3.4, 2.9. ನಾಲ್ಕು ದಾಟಿದ ವಾರ ಅವನಿಗೆ ಊಟ ಸೇರುತ್ತಿರಲಿಲ್ಲ, ಆಗುಂಬೆಯವರು ಬರೆದದ್ದು ನೆನಪಾಗಿ ವೈದ್ಯರಿಗೆ ಅದನ್ನೇ ಹೇಳಿದೆವು. ಹಿಂದೆ ಹಾಲಿನ ಲೆಕ್ಕ ಬರೆಯುತ್ತಿದ್ದ ಗೋಡೆ ಕ್ಯಾಲೆಂಡರಿನ ಚೌಕಗಳಲ್ಲಿ ಈಗ ನಾದಿನಿ ಮಾತ್ರೆ ನುಂಗಿದ ಗುರುತು ಹಾಕುತ್ತಾಳೆ, ಪರೀಕ್ಷೆಯ ದಿನಕ್ಕೆ ಕೆಂಪು ಸುತ್ತು. ಕೈಯಂತ್ರದ ವಿಚಾರಣೆ ನಡೆದಿದೆ. ಮಳೆ ಬಿಟ್ಟ ಮೇಲೆ ತೋಟಕ್ಕೆ ಬರುವ ಮುಂಚೆ ಅದೊಂದು ಆಗಬೇಕು.

ಅಮ್ಮ ಒಂದು ಪ್ರಶ್ನೆ ಕೇಳಿಸಿದ್ದಾರೆ. ಚೌತಿಗೆ ಮನೆಯಲ್ಲಿ ಪತ್ರೊಡೆ ಮಾಡುತ್ತೇವೆ. ಅವನಿಗೆ ಕೊಡಬಹುದೇ, ಬೇಡವೇ?

ಹುಬ್ಬಳ್ಳಿಯ ವೈದ್ಯ (ಆಗಸ್ಟ್ 24)

ಎರಡು ತುಂಡು ತಿನ್ನಲಿ. ಚೌತಿ ಕಳೆದ ಮೇಲೆ ಬರುವ ಸೋಮವಾರಕ್ಕೆ ಒಂದು ಕೆಂಪು ಸುತ್ತು ಹಾಕಿಸಿ.